ಕೆಂಪು ಹಸಿರು ಬಿಟ್ಟರೆ ಬೇರೆ ಬಣ್ಣ ಇಲ್ಲವೇನ್ರಿ?

ಹಿರೇಕೆರೂರಿನ ಗೊಬ್ಬರದ ಅಂಗಡಿಯಲ್ಲಿ ಹತ್ತಿಗೋ ಗೋವಿನಜೋಳಕ್ಕೋ ಹೊಡೆಯುವ ಎಣ್ಣೆಯ ಬಾಟಲಿ ತೆಗೆದು ನೋಡಿ. ಮೂಲೆಯ ಮೇಲೆ ನಿಲ್ಲಿಸಿದಂಥ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧ ಕೆಂಪಿದ್ದರೆ ಕಡುವಿಷ. ಆಮೇಲೆ ಹಳದಿ, ನೀಲಿ, ಕಡಿಮೆ ವಿಷಕ್ಕೆ ಹಸಿರು. ಕೆಂಪು-ಹಸಿರಿನ ವ್ಯತ್ಯಾಸ ಕಾಣದವರ ಗತಿ? 1971ರ ನಿಯಮದಲ್ಲೇ ಅದಕ್ಕೆ ದಾರಿ ಇದೆ: ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಮಾತು, ಕಡುವಿಷಕ್ಕೆ ತಲೆಬುರುಡೆ ಚಿತ್ರ.

ತಿಂಡಿ ಪ್ಯಾಕೆಟ್ಟಿನ ಮೇಲೆ ಮಾಂಸಾಹಾರಕ್ಕಿದ್ದ ಕಂದು ಚುಕ್ಕೆಯನ್ನೂ 2020ರ ನಿಯಮದಲ್ಲಿ ತ್ರಿಕೋನ ಮಾಡಿದರು. ಹಸಿರು ಚುಕ್ಕೆಯ ಜೊತೆ ಗೊಂದಲ ತಪ್ಪಿತು.

ಈಗ ಮೊಬೈಲ್ ತೆಗೆಯಿರಿ. ಮಳೆ ಎಚ್ಚರಿಕೆಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣವನ್ನಷ್ಟೇ ತುಂಬಿದ ನಕಾಶೆ ಬಂದರೆ, ಹಾವೇರಿ ಜಿಲ್ಲೆ ಹಸಿರೋ ಕಿತ್ತಳೆಯೋ ಅಂತ ಆ ರೈತ ಯಾರನ್ನು ಕೇಳಬೇಕು? ಜಿಲ್ಲೆಯ ಮೇಲೆ ಒಂದು ಪದ ಬರೆಯಲು ಎಷ್ಟು ಖರ್ಚು!

ಕೆಲವರು ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ 'ಕಲರ್ ಬ್ಲೈಂಡ್ ಮೋಡ್' ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನನಗಂತೂ ಇದು ಹಿಡಿಸುವುದಿಲ್ಲ. ಹುಟ್ಟಿನಿಂದ ಬಂದ ದೋಷವಾದ್ದರಿಂದ ತಮಗದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ (ಹೆಚ್ಚಿನವರು ಗಂಡಸರು). ಗೊತ್ತಿಲ್ಲದವರು ಆ ಮೋಡ್ ಹುಡುಕುವುದುಂಟೇ?

ಎಲ್ಲರಿಗೂ ಒಂದೇ ಪರದೆ ಇರಲಿ. ಜಪಾನಿನ ಒಕಾಬೆ ಮತ್ತು ಇತೋ ಆರಿಸಿಕೊಟ್ಟ ಬಣ್ಣಗಳ ಪಟ್ಟಿ ಪುಕ್ಕಟೆ ಸಿಗುತ್ತದೆ; ನೀಲಿ-ಕಿತ್ತಳೆ ಜೋಡಿಯಂತೂ ಬಹುತೇಕ ಎಲ್ಲರಿಗೂ ಬೇರೆಬೇರೆ ಕಾಣುತ್ತದೆ. ಆ್ಯಪ್ ಬಿಡುವ ಮುಂಚೆ ಒಮ್ಮೆ ಪರದೆಯನ್ನು ಕಪ್ಪು-ಬಿಳುಪು ಮಾಡಿ ನೋಡ್ರಪ್ಪಾ, ಐದು ನಿಮಿಷದ ಕೆಲಸ.