80 ಅಡಿ ದೂರದ ಕೊಲೆಗಾರ

ಕೊಲೆ ಎಂದರೇನು ಎಂದು ಕೇಳಿದರೆ ಕಾನೂನು ಓದದವರೂ ಉತ್ತರ ಹೇಳುತ್ತಾರೆ. ಸಾಯಿಸಬೇಕೆಂದು ಮನಸ್ಸು ಮಾಡಿ, ಕೈಯಾರೆ ಸಾಯಿಸುವುದು. ಕೈ ಬೇರೆಯವರದಾದರೂ ಮನಸ್ಸಾದರೂ ಇವನದಿರಬೇಕು. ಸುಪಾರಿ ಕೊಟ್ಟವನನ್ನು ನಾವು ಕೊಲೆಗಾರ ಎನ್ನುವುದು ಅದಕ್ಕೇ. ಆದರೆ ಕೈಯೂ ಅವನದಲ್ಲ, ಮನಸ್ಸೂ ಅವನದಲ್ಲ ಎಂದಾಗಲೂ ಒಬ್ಬನನ್ನು ಕೊಲೆಗಾರ ಎನ್ನಬಹುದೆ? ಅಮೆರಿಕದ ಬಹುತೇಕ ರಾಜ್ಯಗಳ ಕಾನೂನು ‘ಧಾರಾಳವಾಗಿ ಎನ್ನಬಹುದು’ ಎನ್ನುತ್ತದೆ. ಅಲ್ಲಿ ಇದಕ್ಕೆ ಫೆಲನಿ ಮರ್ಡರ್ ಎಂದು ಹೆಸರು. ದರೋಡೆ, ಕನ್ನಗಳವು, ಅಪಹರಣದಂಥ ಒಂದು ಘೋರ ಅಪರಾಧಕ್ಕೆ ನಾಲ್ವರು ಹೊರಟರೆನ್ನಿ. ಆ ಹೊತ್ತಿನಲ್ಲಿ ಅವರಲ್ಲೊಬ್ಬ ಯಾರನ್ನಾದರೂ ಕೊಂದರೆ ನಾಲ್ವರೂ ಕೊಲೆಗಾರರೇ. ಹೊರಗೆ ಕಾರಿನಲ್ಲಿ ಕೂತಿದ್ದವನೂ ಅಷ್ಟೇ, ಗುಂಡು ಹಾರಿಸಿದವನೂ ಅಷ್ಟೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ನಮ್ಮಲ್ಲಿ ನಗುತ್ತೇವೆ. ಅಲ್ಲಿ ಅದು ಶಾಸನ.

ಒಂದು ನಿಜವಾದ ಮೊಕದ್ದಮೆಯನ್ನೇ ನೋಡೋಣ. 1996ರ ಆಗಸ್ಟ್ ತಿಂಗಳ ಒಂದು ರಾತ್ರಿ, ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರ. ನಾಲ್ವರು ಹುಡುಗರು ಒಂದು ಬಾಡಿಗೆ ಕಾರಿನಲ್ಲಿ ಸುತ್ತುತ್ತಿದ್ದರು. ಓಡಿಸುತ್ತಿದ್ದವನು 19 ವರ್ಷದ ಕೆನೆತ್ ಫಾಸ್ಟರ್. ಆ ರಾತ್ರಿ ಅವರು ಆಗಲೇ ಎರಡು ಕಡೆ ಬಂದೂಕು ತೋರಿಸಿ ಸುಲಿಗೆ ಮಾಡಿದ್ದರು. ಇದನ್ನು ಮುಚ್ಚಿಟ್ಟು ಫಾಸ್ಟರ್‌ನನ್ನು ಏನೂ ಅರಿಯದ ಮುಗ್ಧ ಎಂದು ಬರೆಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಅವನು ಸುಲಿಗೆಯಲ್ಲಿ ಪಾಲುದಾರ, ಅದಕ್ಕೆ ಶಿಕ್ಷೆ ಆಗಲೇಬೇಕಿತ್ತು. ಕೊನೆಗೆ ಒಂದು ಮನೆಯ ಮುಂದೆ ಕಾರು ನಿಂತಿತು. ಮಾರಿಸಿಯೋ ಬ್ರೌನ್ ಎಂಬವನು ಕೆಳಗಿಳಿದು ಹೋದ. ಸುಮಾರು 80 ಅಡಿ ಆಚೆ, 25 ವರ್ಷದ ಒಬ್ಬ ಕಾನೂನು ವಿದ್ಯಾರ್ಥಿಯನ್ನು ಗುಂಡಿಟ್ಟು ಕೊಂದ. ಫಾಸ್ಟರ್ ಸ್ಟೀರಿಂಗ್ ಹಿಂದೆ ಕೂತೇ ಇದ್ದ.

1997ರಲ್ಲಿ ಬ್ರೌನ್ ಮತ್ತು ಫಾಸ್ಟರ್ ಇಬ್ಬರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿ, ಒಂದೇ ಜ್ಯೂರಿಯ ಮುಂದೆ ವಿಚಾರಣೆ ನಡೆಸಿದರು. ಇಬ್ಬರಿಗೂ ಮರಣದಂಡನೆಯಾಯಿತು.

ಟೆಕ್ಸಾಸ್‌ನಲ್ಲಿ ಈ ನಿಯಮಕ್ಕೆ ‘ಲಾ ಆಫ್ ಪಾರ್ಟೀಸ್’ ಎಂಬ ಬೇರೆ ಹೆಸರಿದೆ. ಫೆಲನಿ ಮರ್ಡರ್‌ನ ಒಡಹುಟ್ಟು ಅದು. ಒಂದು ಅಪರಾಧಕ್ಕೆ ಒಟ್ಟಾಗಿ ಹೊರಟವರಲ್ಲಿ ಒಬ್ಬ ಇನ್ನೊಂದು ಅಪರಾಧ ಮಾಡಿದರೆ, ಅದು ಆಗಬಹುದೆಂದು ಉಳಿದವರು ಊಹಿಸಬೇಕಿತ್ತು ಎಂದಾದರೆ, ಆ ಎರಡನೆಯದಕ್ಕೂ ಎಲ್ಲರೂ ಹೊಣೆ. ಊಹಿಸಿದ್ದರೋ ಇಲ್ಲವೋ ಬೇಕಿಲ್ಲ, ಊಹಿಸಬೇಕಿತ್ತು ಎಂದರೆ ಸಾಕು. ‘ಬೇಕಿತ್ತು’ ಎಂಬ ಆ ಒಂದು ಕ್ರಿಯಾಪದದ ಮೇಲೆ ಒಂದು ಜೀವ ನಿಂತಿದೆ. ಭಾಷೆಯ ವಿದ್ಯಾರ್ಥಿಗಳು ಇಂಥ ಕಡೆ ಸ್ವಲ್ಪ ನಿಂತು ನೋಡಬೇಕು.

ಫಾಸ್ಟರ್ ರಾಜ್ಯದ ಕೋರ್ಟುಗಳಲ್ಲಿ ಸೋತ. ಆಮೇಲೆ ಉಳಿದದ್ದು ಫೆಡರಲ್ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ. ಈ ಹೆಸರು ನಮಗೆ ಹೊಸದಲ್ಲ. ಮನೆ ಬಿಟ್ಟು ಹೋದ ಮಗಳನ್ನು ಹುಡುಕಿಸಿ ಎಂದು ಅಪ್ಪಂದಿರು ಹೈಕೋರ್ಟಿಗೆ ಹಾಕುವ ಅರ್ಜಿ ಎಂದು ಪತ್ರಿಕೆ ಓದುವವರಿಗೆ ಗೊತ್ತು. ಹಿರಿಯರಿಗೆ 1975 ನೆನಪಾಗಬಹುದು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿಸಲ್ಪಟ್ಟ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರ ಅರ್ಜಿಗಳು ಬಂದದ್ದು ಕರ್ನಾಟಕ ಹೈಕೋರ್ಟಿಗೇ. ಅಂಥ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆ ಎಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅಳಿಸಿ ಹಾಕಿತು, ಎಚ್.ಆರ್. ಖನ್ನಾ ಒಬ್ಬರು ಮಾತ್ರ ಬೇರೆ ನಿಂತರು. ಅಮೆರಿಕದಲ್ಲಿ ಈ ಅರ್ಜಿಗೆ ಇನ್ನೊಂದು ಉಪಯೋಗವಿದೆ. ರಾಜ್ಯದ ಕೋರ್ಟು ಶಿಕ್ಷೆ ಕೊಟ್ಟ ಕೈದಿ, ‘ನನ್ನನ್ನು ಹಿಡಿದಿಟ್ಟಿರುವುದು ದೇಶದ ಸಂವಿಧಾನಕ್ಕೆ ವಿರುದ್ಧ, ನೀವು ನೋಡಿ’ ಎಂದು ಫೆಡರಲ್ ನ್ಯಾಯಾಧೀಶರನ್ನು ಕೇಳಬಹುದು.

ಕೇಳಬಹುದು, ನಿಜ. ಆದರೆ ನಮ್ಮ ಗಾದೆಯಲ್ಲಿ ಒಬ್ಬ ಪೂಜಾರಿ ಇದ್ದಾನಲ್ಲ, ದೇವರು ಕೊಟ್ಟರೂ ತಾನು ಕೊಡದವನು, ಆ ಪೂಜಾರಿ ಅಲ್ಲಿ ಶಾಸನದ ರೂಪದಲ್ಲಿ ಬಾಗಿಲಲ್ಲಿ ಕೂತಿದ್ದಾನೆ. 1995ರ ಏಪ್ರಿಲ್ 19ರಂದು ಒಕ್ಲಹಾಮಾ ಸಿಟಿಯ ಸರ್ಕಾರಿ ಕಟ್ಟಡಕ್ಕೆ ಬಾಂಬ್ ಇಟ್ಟು 168 ಜನರನ್ನು ಕೊಂದರು. ಆ ಸಿಟ್ಟಿನಲ್ಲಿ, ಒಂದು ವರ್ಷ ಕಳೆದು, 1996ರ ಏಪ್ರಿಲ್ 24ರಂದು ಅಧ್ಯಕ್ಷ ಕ್ಲಿಂಟನ್ ಭಯೋತ್ಪಾದನೆಯ ವಿರುದ್ಧ ಒಂದು ಕಾಯಿದೆಗೆ ಸಹಿ ಹಾಕಿದರು. ಅದರೊಳಗೆ ಹೇಬಿಯಸ್ ಕಾರ್ಪಸ್‌ನ ಕತ್ತು ಹಿಸುಕುವ ಕಲಮುಗಳೂ ಇದ್ದವು. ಅರ್ಜಿ ಹಾಕಲು ಒಂದು ವರ್ಷದ ಗಡುವು. ರಾಜ್ಯದ ಕೋರ್ಟು ತಪ್ಪು ಮಾಡಿದೆ ಎಂದು ತೋರಿಸಿದರೆ ಸಾಲದು, ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿಟ್ಟ ಕಾನೂನನ್ನು ಅದು ವಿವೇಚನೆಯಿಲ್ಲದೆ ಅನ್ವಯಿಸಿದೆ ಎಂದು ತೋರಿಸಬೇಕು. 2011ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಬಿಗಿ ಮಾಡಿತು: ರಾಜ್ಯದ ತೀರ್ಪು ಸರಿ ಎಂದು ಯಾರಾದರೂ ನಿಷ್ಪಕ್ಷಪಾತಿ ನ್ಯಾಯಾಧೀಶರು ವಾದಿಸಲು ಸಾಧ್ಯವಿದ್ದರೂ ಸಾಕು, ಫೆಡರಲ್ ಕೋರ್ಟು ಕೈ ಹಾಕಬಾರದು. ಅಂದರೆ, ‘ಇದು ತಪ್ಪು, ಆದರೆ ತೀರಾ ಹುಚ್ಚುತನದ ತಪ್ಪಲ್ಲ’ ಎಂದು ಬರೆದು ನ್ಯಾಯಾಧೀಶರು ಕಡತ ಮುಚ್ಚಬಹುದು.

ಗಡುವಿನ ವಿಷಯದಲ್ಲಿ ಇನ್ನೂ ಕ್ರೂರವಾದ ಒಂದು ತೀರ್ಪಿದೆ. ಒಹಾಯೋ ರಾಜ್ಯದ ಬೋಲ್ಸ್ ಎಂಬ ಕೈದಿ ಫೆಡರಲ್ ಕೋರ್ಟಿನಲ್ಲಿ ಹೇಬಿಯಸ್ ಅರ್ಜಿ ಸೋತು ಮೇಲ್ಮನವಿಗೆ ಹೊರಟಿದ್ದ. ನ್ಯಾಯಾಧೀಶರು ಅವನಿಗೆ 17 ದಿನ ಕೊಟ್ಟು, ಫೆಬ್ರವರಿ 27ರೊಳಗೆ ಸಲ್ಲಿಸು ಎಂದು ಆದೇಶ ಬರೆದರು. ಅವನು 26ಕ್ಕೇ ಸಲ್ಲಿಸಿದ. ಕಾನೂನು ಕೊಡಬಿಟ್ಟದ್ದು 14 ದಿನ ಮಾತ್ರ, ಎಣಿಕೆ ತಪ್ಪಿದವರು ನ್ಯಾಯಾಧೀಶರು. 2007ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ, ತಪ್ಪು ಯಾರದೇ ಇರಲಿ ಅರ್ಜಿ ತಡ, ನಡಿ ಎಂದಿತು. ನ್ಯಾಯಾಧೀಶರ ಮಾತು ನಂಬಿದ್ದಕ್ಕೆ ಶಿಕ್ಷೆಯಾದದ್ದು ಕೈದಿಗೆ. ಇಲ್ಲೂ ಎತ್ತಿನ ಜ್ವರಕ್ಕೆ ಬರೆ ಬಿದ್ದದ್ದು ಎಮ್ಮೆಗೇ.

ಮತ್ತೆ ಫಾಸ್ಟರ್‌ಗೆ ಬರೋಣ. ಅವನ ಕೈಯಲ್ಲಿ ಒಂದು ಗಟ್ಟಿ ವಾದವಿತ್ತು. 1982ರಲ್ಲಿ, ಫ್ಲಾರಿಡಾದಲ್ಲಿ ಇಬ್ಬರು ವೃದ್ಧರ ಕೊಲೆಯ ಹೊತ್ತಿಗೆ ಆಚೆ ಕಾರಿನಲ್ಲಿ ಕಾಯುತ್ತಿದ್ದ ಎನ್‌ಮಂಡ್ ಎಂಬವನನ್ನು ಗಲ್ಲಿಗೇರಿಸಕೂಡದು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಕೊಲ್ಲದವನನ್ನು, ಕೊಲ್ಲಲು ಯತ್ನಿಸದವನನ್ನು, ಕೊಲ್ಲುವ ಉದ್ದೇಶವಿಲ್ಲದವನನ್ನು ಸಾಯಿಸುವುದು ಕ್ರೂರ ಶಿಕ್ಷೆ ಎಂದು. ಐದೇ ವರ್ಷಕ್ಕೆ, 1987ರ ಟಿಸನ್ ತೀರ್ಪಿನಲ್ಲಿ, ಅದೇ ಕೋರ್ಟು ಅರ್ಧ ಹಿಂದಕ್ಕೆ ಬಂತು: ಅಪರಾಧದಲ್ಲಿ ಪ್ರಮುಖ ಪಾತ್ರವಿದ್ದು, ಮನುಷ್ಯ ಜೀವದ ಬಗ್ಗೆ ತೀರಾ ಅಸಡ್ಡೆ ತೋರಿದವನಾದರೆ ಗಲ್ಲು ಸರಿ. ಹಾಗಾದರೆ ಫಾಸ್ಟರ್ ಆ ಗೆರೆ ದಾಟಿದ್ದನೆಂದು ಅವನ ಜ್ಯೂರಿ ಹೇಳಿತ್ತೆ? ಇಲ್ಲ. ಜ್ಯೂರಿಯನ್ನು ಕೇಳಿದ್ದು ಇಷ್ಟೇ: ಅವನು ಕೊಂದನೇ, ಕೊಲ್ಲುವ ಉದ್ದೇಶವಿತ್ತೇ, ಅಥವಾ ಒಂದು ಜೀವ ಹೋಗಬಹುದೆಂದು ಊಹಿಸಿದ್ದನೇ? ಮೂರಕ್ಕೂ ಸೇರಿಸಿ ಒಂದೇ ಹೌದು. ಯಾವುದಕ್ಕೆ ಹೌದು ಎಂದು ಯಾರಿಗೂ ಗೊತ್ತಿಲ್ಲ.

2005ರಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಧೀಶ ರಾಯಲ್ ಫರ್ಗಸನ್ ಇದನ್ನು ಗುರುತಿಸಿ ಮರಣದಂಡನೆಯನ್ನು ರದ್ದು ಮಾಡಿದರು. ಗಮನಿಸಿ, ಕೊಲೆಗಾರ ಎಂಬ ತೀರ್ಪನ್ನಲ್ಲ, ದಂಡನೆಯನ್ನು ಮಾತ್ರ. ಮರುವರ್ಷ ಮೇಲಿನ ಐದನೇ ಸರ್ಕ್ಯೂಟ್ ಕೋರ್ಟು ಅದನ್ನೂ ತಿರುಗಿಸಿತು. ಜ್ಯೂರಿ ಹೇಳದಿದ್ದರೇನಂತೆ, ರಾಜ್ಯದ ಮೇಲ್ಮನವಿ ಕೋರ್ಟು ದಾಖಲೆ ಓದಿ ಹೇಳಿದೆಯಲ್ಲ, ಅದು ಸಾಕು, 1986ರ ಒಂದು ತೀರ್ಪು ಹಾಗೆ ಬಿಡುತ್ತದೆ ಎಂದಿತು. ಆ ಹುಡುಗನ ಮುಖ ನೋಡದ, ಸಾಕ್ಷಿಗಳ ದನಿ ಕೇಳದ ನ್ಯಾಯಾಧೀಶರು, ಟೈಪಾದ ಹಾಳೆಗಳನ್ನು ಓದಿ ಅವನ ಎದೆಯೊಳಗೆ ಅಸಡ್ಡೆ ಇತ್ತೆಂದು ಕಂಡುಕೊಂಡರು. ಅವರು ಕಂಡದ್ದನ್ನು ಫೆಡರಲ್ ಕೋರ್ಟು ನಿಜವೆಂದೇ ಭಾವಿಸಿ ಮುಂದೆ ಹೋಗಬೇಕಂತೆ. ಕಾದಂಬರಿ ಬರೆಯುವವನಿಗೂ ಪಾತ್ರದ ಮನಸ್ಸಿನ ಮೇಲೆ ಇಷ್ಟು ಹಕ್ಕಿಲ್ಲ.

ನನ್ನ ತಕರಾರು ಐದನೇ ಸರ್ಕ್ಯೂಟಿನ ಮೇಲೆ ಮಾತ್ರವಲ್ಲ. ಎನ್‌ಮಂಡ್ ತೀರ್ಪನ್ನು ಮಾನವೀಯತೆಯ ಗೆಲುವೆಂದು ಕೊಂಡಾಡುವ ಉದಾರವಾದಿಗಳ ಮೇಲೂ ಇದೆ. ಆ ತೀರ್ಪು ಕೊಟ್ಟದ್ದೇನು? ಇವನನ್ನು ಸಾಯಿಸಬೇಡಿ, ಆದರೆ ಕೊಲೆಗಾರ ಎಂದು ಕರೆದು ಸಾಯುವ ತನಕ ಒಳಗೆ ಇಟ್ಟುಕೊಳ್ಳಿ. ಎನ್‌ಮಂಡ್ ಮೇಲಿನ ಕೊಲೆಯ ತೀರ್ಪು ಹಾಗೇ ಉಳಿಯಿತು. ‘ಮರಣದಂಡನೆ ಬೇರೆಯೇ ಸಂಗತಿ’ ಎಂದು ಕೋರ್ಟು ಪಟ್ಟು ಹಿಡಿದಿರುವುದರಿಂದ, ಪೆರೋಲ್ ಇಲ್ಲದ ಜೀವಾವಧಿ ಪಡೆದವನು ಫೆಡರಲ್ ಕೋರ್ಟಿಗೆ ಬಂದು ‘ನನಗೆ ಕೊಲ್ಲುವ ಉದ್ದೇಶವಿರಲಿಲ್ಲ’ ಎಂದರೆ ಸಿಗುವ ಉತ್ತರ ಒಂದೇ: ನಿಮ್ಮ ರಾಜ್ಯದ ಕಾನೂನು ಉದ್ದೇಶವನ್ನು ಕೇಳಿಯೇ ಇಲ್ಲವಲ್ಲ. ಕೇಳದ ಪ್ರಶ್ನೆಗೆ ಸಾಕ್ಷ್ಯ ಸಾಲದು ಎಂದು ವಾದಿಸುವುದು ಹೇಗೆ? ಅರ್ಕನ್ಸಾದಲ್ಲಿ ವಿಡಿಯೋ ಅಂಗಡಿಯ ಸುಲಿಗೆಗೆ ಗೆಳೆಯರ ಜೊತೆ ಹೋಗಿದ್ದ 14 ವರ್ಷದ ಹುಡುಗನಿಗೆ ಪೆರೋಲ್ ಇಲ್ಲದ ಜೀವಾವಧಿಯಾಗಿತ್ತು. ಗುಂಡು ಹಾರಿಸಿದವನು ಬೇರೊಬ್ಬ. 2012ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಮುರಿಯಿತು. ಯಾಕೆ? ಅವನು ಎಳೆಯ ಎಂದು. ಕೊಂದವನಲ್ಲ ಎಂಬುದು ಆ ತೀರ್ಪಿನ ಆಧಾರವಾಗಲಿಲ್ಲ. ಅದೇ ಹುಡುಗನಿಗೆ 18 ತುಂಬಿದ್ದರೆ?

ಇದಕ್ಕೆ ಎದುರು ಮಾತುಗಳಿವೆ. ಸತ್ತವನ ಅಮ್ಮನಿಗೆ ಏನು ಹೇಳುತ್ತೀರಿ ಎಂಬುದು ಎಲ್ಲಕ್ಕಿಂತ ಭಾರವಾದದ್ದು. ಆಕೆಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಅವಳ ದುಃಖ ದೊಡ್ಡದೆಂಬ ಕಾರಣಕ್ಕೆ ಕೊಲೆಗಾರರ ಸಂಖ್ಯೆಯನ್ನು ಹೆಚ್ಚು ಮಾಡಲಾಗದು. ಇನ್ನೊಂದು ವಾದ, ಇಂಥ ಕಾನೂನಿದ್ದರೆ ಕಳ್ಳರು ಬಂದೂಕು ಒಯ್ಯಲು ಹೆದರುತ್ತಾರೆ ಎಂಬುದು. ಕಾರಿನಲ್ಲಿ ಕೂತ 19ರ ಹುಡುಗ ದಂಡಸಂಹಿತೆಯ ಕಲಮು ಓದಿ ಲೆಕ್ಕ ಹಾಕುತ್ತಾನೆ ಎಂದು ನಂಬುವವರು ಆ ವಯಸ್ಸಿನವರನ್ನು ನೋಡಿಯೇ ಇಲ್ಲ.

ಈ ಹೆದರಿಕೆಯ ತರ್ಕವನ್ನು ತುಂಬ ಹಿಂದೆಯೇ ಒಬ್ಬರು ಪುಡಿ ಮಾಡಿದ್ದಾರೆ. ಅದೂ ಕಲ್ಕತ್ತಾದಲ್ಲಿ ಕೂತು. ಇಂಗ್ಲಿಷ್ ಶಿಕ್ಷಣದ ಟಿಪ್ಪಣಿಗಾಗಿ ನಾವು ಬೈಯುವ ಅದೇ ಮೆಕಾಲೆ, 1837ರ ದಂಡಸಂಹಿತೆಯ ಕರಡಿಗೆ ಬರೆದ ಟಿಪ್ಪಣಿಗಳಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ದೊಡ್ಡ ಊರಿನಲ್ಲಿ ನೂರಾರು ಜನ ಜೇಬುಗಳ್ಳರಿದ್ದಾರೆ. ಅವರಲ್ಲೊಬ್ಬ ಕೈ ಹಾಕಿದ ಜೇಬಿನಲ್ಲಿ ದುರದೃಷ್ಟಕ್ಕೆ ತುಂಬಿದ ಪಿಸ್ತೂಲಿದೆ, ಬೆರಳು ತಗುಲಿ ಗುಂಡು ಹಾರಿ ಅದರ ಒಡೆಯ ಸಾಯುತ್ತಾನೆ. ಉಳಿದ ಕಳ್ಳರದೂ ಅದೇ ಉದ್ದೇಶ, ಅದೇ ಎಚ್ಚರ, ಅದೇ ಅಪಾಯ. ಹಾಗಿರುವಾಗ ಇವನೊಬ್ಬನನ್ನು ಕೊಲೆಗಾರನೆಂದು ಬೇರೆ ಮಾಡುವುದರಲ್ಲಿ ಅರ್ಥವೇನು, ಕಳ್ಳತನಕ್ಕೆ ಶಿಕ್ಷೆ ಸಾಲದಿದ್ದರೆ ಎಲ್ಲ ಕಳ್ಳರ ಶಿಕ್ಷೆಯನ್ನೂ ಹೆಚ್ಚಿಸಿ ಎಂಬುದು ಅವರ ವಾದ. ಇದಕ್ಕೆ ಸರಿಯಾದ ಉತ್ತರವನ್ನು ನಾನು ಈವರೆಗೆ ಓದಿಲ್ಲ. ಇಂಗ್ಲೆಂಡ್ 1957ರಲ್ಲಿ ಈ ನಿಯಮವನ್ನು ಕೈಬಿಟ್ಟಿತು. ಕೆನಡಾದ ಸುಪ್ರೀಂ ಕೋರ್ಟು 1990ರಲ್ಲಿ, ಸಾವು ಸಂಭವಿಸುತ್ತದೆಂದು ಸ್ವತಃ ಅರಿಯದವನನ್ನು ಕೊಲೆಗಾರ ಎನ್ನಕೂಡದು ಎಂದಿತು. ಮಿಷಿಗನ್‌ನ ಕೋರ್ಟು 1980ರಲ್ಲೇ ಅದನ್ನು ತೆಗೆದು ಹಾಕಿತ್ತು. ಕ್ಯಾಲಿಫೋರ್ನಿಯಾ 2018ರಲ್ಲಿ ಶಾಸನ ತಿದ್ದಿ, ಹಳೆಯ ಕೈದಿಗಳೂ ಮರುಪರಿಶೀಲನೆ ಕೇಳಬಹುದೆಂದು ಬಾಗಿಲು ತೆರೆಯಿತು. ಫೆಡರಲ್ ನ್ಯಾಯಾಧೀಶರು ‘ನಮ್ಮ ಕೈಯಲ್ಲಿಲ್ಲ’ ಎಂದದ್ದನ್ನು ಒಂದು ರಾಜ್ಯದ ಶಾಸಕರು ಒಂದು ಮಸೂದೆಯಲ್ಲಿ ಮಾಡಿದರು.

ಇದೆಲ್ಲ ಅಮೆರಿಕದ ರೋಗ, ನಮಗೇಕೆ ಎನ್ನುವವರು ನಮ್ಮ ದಂಡಸಂಹಿತೆಯ 396ನೇ ಕಲಮು ನೋಡಲಿ. ಐವರು ಅಥವಾ ಹೆಚ್ಚು ಜನ ಸೇರಿ ದರೋಡೆ ಮಾಡುವಾಗ ಒಬ್ಬ ಕೊಲೆ ಮಾಡಿದರೆ ಪ್ರತಿಯೊಬ್ಬನಿಗೂ ಗಲ್ಲು ಅಥವಾ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗಿನ ಕಠಿಣ ಸಜೆ. ಮೆಕಾಲೆಯ ಸಂಹಿತೆಯನ್ನು ವಸಾಹತುಶಾಹಿ ಎಂದು ಕಿತ್ತೊಗೆದು ತಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಈ ಕಲಮು 310(3) ಆಗಿ ಕೂತಿದೆ. ಬದಲಾದದ್ದು ಮುಖ್ಯವಾಗಿ ಒಂದು: ‘ಹತ್ತು ವರ್ಷದವರೆಗೆ’ ಇದ್ದದ್ದು ‘ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ’ ಆಯಿತು. ಮೊದಲು ಛಾವಣಿಯಾಗಿದ್ದ ಹತ್ತು ಈಗ ನೆಲ. ಹೊರಗೆ ಕಾವಲು ನಿಂತ ಐದನೆಯವನಿಗೆ, ಅವನ ಪಾತ್ರ ಎಷ್ಟೇ ಸಣ್ಣದಿರಲಿ, ಹತ್ತಕ್ಕಿಂತ ಕಡಿಮೆ ಕೊಡಲು ಈ ಕಲಮಿನಡಿ ನ್ಯಾಯಾಧೀಶರಿಗೆ ಅವಕಾಶವೇ ಉಳಿದಿಲ್ಲ.

ಬ್ರೌನ್‌ಗೆ 2006ರ ಜುಲೈನಲ್ಲಿ ಮರಣದಂಡನೆ ಜಾರಿಯಾಯಿತು. ಫಾಸ್ಟರ್‌ನ ದಿನ 2007ರ ಆಗಸ್ಟ್ 30 ಎಂದು ಗೊತ್ತಾಗಿತ್ತು. ಆ ದಿನವೇ ರಾಜ್ಯದ ಕ್ಷಮಾದಾನ ಮಂಡಳಿ 6-1ರಲ್ಲಿ ಶಿಫಾರಸು ಮಾಡಿತು, ಗವರ್ನರ್ ರಿಕ್ ಪೆರಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಉಳಿಸಿದ್ದು ಕೋರ್ಟಲ್ಲ, ಒಬ್ಬ ರಾಜಕಾರಣಿಯ ಸಹಿ. ಪೆರಿ ಕೊಟ್ಟ ಕಾರಣ, ಇಬ್ಬರನ್ನು ಒಟ್ಟಿಗೆ ವಿಚಾರಣೆಗೆ ಒಳಪಡಿಸಿದ್ದರ ಬಗ್ಗೆ ತಮಗಿದ್ದ ಕಳವಳ. ಕಾರಿನಲ್ಲಿ ಕೂತವನನ್ನು ಕೊಲೆಗಾರ ಎನ್ನುವ ಕಾನೂನಿನ ಬಗ್ಗೆ ಅವರು ತಕರಾರು ಎತ್ತಲಿಲ್ಲ. ಫಾಸ್ಟರ್ ಜೀವಾವಧಿ ಕೈದಿಯಾಗಿ ಉಳಿದ, ಅಪರಾಧದ ಹೆಸರು ಕೊಲೆ ಎಂದೇ ಉಳಿಯಿತು.