ಅಂಕಿ ಬೇರೆ, ಅಂಕ ಬೇರೆ

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಭಾನುವಾರ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಹುಡುಗಿ ನನ್ನ ಸೋದರತ್ತೆಯ ಮೊಮ್ಮಗಳು, ಹನ್ನೊಂದು ವರ್ಷ. ಒಂದು ತಿಂಗಳಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದಳು, ಯೂನಿಫಾರಂ ಲಂಗ ಜಾರದಂತೆ ಪಿನ್ನು ಹಾಕಿಕೊಳ್ಳುತ್ತಿದ್ದಳು. ಬಿಸಿಲು ಅಂದುಕೊಂಡರು. ಬೆಳೆಯೋ ಹುಡುಗಿ ಅಂದುಕೊಂಡರು. ಕೊನೆಗೆ ವಾಂತಿ, ಮೇಲುಸಿರು, ಮಂಪರು. ಐಸಿಯುವಿನಲ್ಲಿ ಮೂರು ದಿನ. ಮನೆಗೆ ಕಳಿಸುವಾಗ ಕೈಗೊಂದು ಚೀಲ ಕೊಟ್ಟರು: ಇನ್ಸುಲಿನ್ ಬಾಟಲಿ, ಸಿರಿಂಜು, ಗ್ಲುಕೋಮೀಟರ್, ಸ್ಟ್ರಿಪ್ ಡಬ್ಬಿ, ದಿನಾ ಬರೆದಿಡಲು ಒಂದು ಪುಸ್ತಕ.

ನೋಡಲು ಬಂದವರೆಲ್ಲ ಒಳ್ಳೆಯವರೇ. ಒಬ್ಬರು ಚೀಲದ ತುಂಬ ಹಾಗಲಕಾಯಿ ತಂದಿದ್ದರು. ಒಬ್ಬರು, "ಚಾಕಲೇಟು ಕೊಟ್ಟು ಕೊಟ್ಟು ನೀವೇ ಹಾಳು ಮಾಡಿದ್ರಿ" ಅಂದರು. ಇನ್ನೊಬ್ಬರು, ತಮಗೂ ಇಪ್ಪತ್ತು ವರ್ಷದಿಂದ ಶುಗರ್ ಇದೆ, ಬೆಳಿಗ್ಗೆ ಒಂದು ಮಾತ್ರೆ ನುಂಗಿ ಕೆರೆ ಸುತ್ತ ವಾಕಿಂಗ್ ಹೋದರೆ ಮುಗಿಯಿತು ಅಂದರು. ಹೊರಡುವಾಗ ಎಲ್ಲರದೂ ಒಂದೇ ಮಾತು: "ಧೈರ್ಯ ತಗೋ ಪುಟ್ಟಿ, ಏನೂ ಆಗಲ್ಲ." ಹುಡುಗಿ ಪ್ರತಿ ಸಲವೂ ತಲೆಯಾಡಿಸಿ ನಕ್ಕಳು. ಅಂದು ಆ ಮನೆಯಲ್ಲಿ ಸಮಾಧಾನ ಪಡೆದು ಹೋದವರು ನಾವು, ಹೇಳಿ ಕಳಿಸಿದವಳು ಅವಳು.

ಅಲ್ಲಿಂದ ಈಚೆಗೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬದುಕಿರುವ ತನಕ ಜೊತೆಗಿರುವ ರೋಗವೊಂದು ಇದ್ದಕ್ಕಿದ್ದಂತೆ ಬಂದಾಗ ಧೈರ್ಯ ಹೇಳುವುದು ನಿಜಕ್ಕೂ ಸಾಂತ್ವನವೇ? ನನಗೆ ಹಾಗನಿಸುವುದಿಲ್ಲ. ಟೈಪ್ 1 ಮಧುಮೇಹ ಹೊಸದಾಗಿ ಬಂದವರ ಮನಸ್ಸನ್ನು ಅಳ್ಳಾಡಿಸುವುದು ಸೂಜಿಯ ನೋವಿಗಿಂತ, ಧೈರ್ಯದ ಕೊರತೆಗಿಂತ ಹೆಚ್ಚಾಗಿ ದೂರು: ಯಾರೋ ಏನೋ ತಪ್ಪು ಮಾಡಿದ್ದಾರೆ, ಇನ್ನು ಮುಂದೆಯೂ ದಿನಕ್ಕೆ ನಾಲ್ಕು ಬಾರಿ ತಪ್ಪು ಮಾಡಲಿದ್ದಾರೆ ಎಂಬ ಭಾವ. ಆ ದೂರನ್ನು ಹಾಗೇ ಇಟ್ಟುಕೊಂಡು ಮೇಲೆ ಎಷ್ಟು ಧೈರ್ಯ ಸುರಿದರೂ ಅದು ನಿಲ್ಲುವುದಿಲ್ಲ.

ದೂರಿನ ಮೊದಲ ಬೇರು ನಮ್ಮ ಮಾತಿನಲ್ಲೇ ಇದೆ. 'ಸಕ್ಕರೆ ಕಾಯಿಲೆ' ಎಂಬ ಒಂದೇ ಹೆಸರಿನಡಿ ನಾವು ಎರಡು ಬೇರೆ ರೋಗಗಳನ್ನು ಕಟ್ಟಿಹಾಕಿದ್ದೇವೆ. ಕೆರೆ ಸುತ್ತುವ ಆ ಹಿರಿಯರದು ಟೈಪ್ 2. ಅವರ ದೇಹ ಇನ್ಸುಲಿನ್ ಮಾಡುತ್ತದೆ, ಅದು ಸಾಲುವುದಿಲ್ಲ ಅಥವಾ ನಾಟುವುದಿಲ್ಲ. ಈ ಹುಡುಗಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳಲ್ಲಿ ಬಹುಪಾಲನ್ನು ಅವಳದೇ ರೋಗನಿರೋಧಕ ಪಡೆ ಶತ್ರುಗಳೆಂದು ತಿಳಿದು ಕೊಂದುಹಾಕಿದೆ. ಅವಳು ತಿಂದ ಚಾಕಲೇಟಿಗೂ ಅದಕ್ಕೂ ಸಂಬಂಧವಿಲ್ಲ. ಈ ರೋಗ ಬರುವ ಬಹುಪಾಲು ಮಕ್ಕಳ ಮನೆಯಲ್ಲಿ ಹಿಂದೆ ಯಾರಿಗೂ ಅದು ಇರುವುದಿಲ್ಲ. ಹಾಗಲಕಾಯಿ ರಸ, ಮೆಂತ್ಯ, ಅಮೃತಬಳ್ಳಿ ಯಾವುದೂ ಸತ್ತ ಕೋಶವನ್ನು ಎಬ್ಬಿಸಲಾರದು. ಇನ್ಸುಲಿನ್ ನಿಂತರೆ ಕೀಟೋನ್ ಏರಿ, ರಕ್ತ ಹುಳಿಯಾಗಿ, ಕೆಲವೇ ದಿನಗಳಲ್ಲಿ ಜೀವಕ್ಕೆ ಎರವಾಗುತ್ತದೆ. (ಟೈಪ್ 2 ಬಂದವರನ್ನು ಬಾಯಿಚಪಲದವರೆಂದು ದೂರುವುದೂ ನ್ಯಾಯವಲ್ಲ. ಅದು ಬೇರೆಯೇ ಪ್ರಬಂಧ.)

ತಮಾಷೆಯೆಂದರೆ ನಮ್ಮ ಹಳಬರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದ್ದರು. ಸುಶ್ರುತ ಸಂಹಿತೆ ಪ್ರಮೇಹವನ್ನು ಎರಡಾಗಿ ವಿಂಗಡಿಸುತ್ತದೆ: ಹುಟ್ಟಿನಿಂದ ಬರುವ ಸಹಜ, ಪಥ್ಯ ಕೆಟ್ಟದ್ದರಿಂದ ಬರುವ ಅಪಥ್ಯನಿಮಿತ್ತ. ಮೊದಲನೆಯವನು ಬಡಕಲು, ಬಾಯಾರಿ ಬಳಲುವವನು. ಎರಡನೆಯವನು ಸ್ಥೂಲಕಾಯದವನು, ಹಾಸಿಗೆ ಬಿಟ್ಟು ಏಳಲೊಲ್ಲದವನು. ಇವು ಇಂದಿನ ಟೈಪ್ 1, ಟೈಪ್ 2ಗಳೇ ಎಂದು ಎದೆಯುಬ್ಬಿಸಿ ಹೇಳುವ ಚಾಳಿ ನನಗಿಲ್ಲ. ಊಟದ ತಪ್ಪಿಲ್ಲದೆಯೂ ಈ ರೋಗ ಬರಬಹುದೆಂಬ ಎಚ್ಚರ ಅಲ್ಲಿ ಇತ್ತು ಎಂಬುದಷ್ಟೇ ನನ್ನ ಮಾತು. ಹಾಗೆಂದು ಆ ಗ್ರಂಥವೂ ದೂರನ್ನು ಪೂರ್ತಿ ಕೈಬಿಡಲಿಲ್ಲ. ಸಹಜಕ್ಕೆ ತಾಯಿತಂದೆಯರ ಬೀಜದೋಷ ಕಾರಣ ಎಂದಿತು. ಮಗುವಿನ ತಲೆಯಿಂದ ಇಳಿದ ಹೊರೆ ಹೆತ್ತವರ ತಲೆಗೆ ಬಂತು. ಇವತ್ತಿಗೂ ಅದು ಅಲ್ಲೇ ಕೂತಿದೆ. ಆ ಹುಡುಗಿಯ ತಾಯಿ ಆರು ತಿಂಗಳ ಕಾಲ, ತಾನು ಬಸುರಿಯಾಗಿದ್ದಾಗ ಏನೇನು ತಿಂದೆ ಎಂದು ಲೆಕ್ಕ ಹಾಕುತ್ತಿದ್ದರು.

ಈ ರೋಗದ ಚರಿತ್ರೆಯಲ್ಲಿ 1922ಕ್ಕೆ ಮುಂಚಿನದು, ಆಮೇಲಿನದು ಎಂದು ಎರಡು ಭಾಗ. ಮುಂಚೆ, ಮಗುವಿಗೆ ಇದು ಬಂತೆಂದರೆ ಒಂದೆರಡು ವರ್ಷದ ಮಾತು. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯರ ಉಪವಾಸದ ಪಥ್ಯವೊಂದೇ ದಾರಿಯಾಗಿತ್ತು. ಸಾವನ್ನು ಮುಂದೂಡಲು ಮಗುವನ್ನು ಹಸಿವಿನಲ್ಲಿಡುವುದು. 1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಇನ್ಸುಲಿನ್ನಿನ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಅಷ್ಟಾಗಿ ಫಲಿಸಲಿಲ್ಲ, ಚುಚ್ಚಿದ ಜಾಗ ಬಾತು ಕೀವಾಯಿತು. ಜೇಮ್ಸ್ ಕಾಲಿಪ್ ಇನ್ನಷ್ಟು ಶುದ್ಧಮಾಡಿ ಕೊಟ್ಟದ್ದನ್ನು ಜನವರಿ 23ರಿಂದ ಹಾಕಿದಾಗ ಹುಡುಗ ಚೇತರಿಸಿಕೊಂಡ. ಮರುವರ್ಷ ಇನ್ಸುಲಿನ್ ಕಂಡುಹಿಡಿದದ್ದಕ್ಕೆ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್‌ಗೆ ನೊಬೆಲ್ ಬಂತು. ಇಷ್ಟು ಎಲ್ಲರೂ ಬರೆಯುವ ಕಥೆ.

ನನ್ನ ಮನಸ್ಸು ನಿಲ್ಲುವುದು 1922ರ ಆಗಸ್ಟಿನಲ್ಲಿ ಟೊರಾಂಟೊಗೆ ಬಂದ ಇನ್ನೊಂದು ಮಗುವಿನ ಮೇಲೆ. ಎಲಿಜಬೆತ್ ಹ್ಯೂಸ್, ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು. ಮೂರು ವರ್ಷ ಆಲೆನ್ ಪಥ್ಯದಲ್ಲಿದ್ದು, ಹದಿನೈದು ತುಂಬುವ ಹೊತ್ತಿಗೆ ತೂಕ ಸುಮಾರು 20 ಕಿಲೋ. ಇನ್ಸುಲಿನ್ ಅವಳನ್ನು ಬದುಕಿಸಿತು. ಮದುವೆಯಾದಳು, ಮಕ್ಕಳಾದವು, 1981ರಲ್ಲಿ 73ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ನಲವತ್ತು ಸಾವಿರಕ್ಕೂ ಮೀರಿ ಚುಚ್ಚಿಕೊಂಡಿದ್ದಳು. ಆದರೆ ತೀರ ಹತ್ತಿರದವರನ್ನು ಬಿಟ್ಟರೆ ಉಳಿದವರಿಗೆ ಅವಳಿಗೆ ಈ ರೋಗವಿದೆಯೆಂದೇ ಗೊತ್ತಿರಲಿಲ್ಲ. ಜಗತ್ತಿಗೆ ಇನ್ಸುಲಿನ್ನಿನ ಪವಾಡವನ್ನು ತೋರಿಸಿಕೊಟ್ಟ ಮಕ್ಕಳಲ್ಲೊಬ್ಬಳು ಮಿಕ್ಕ ಬದುಕನ್ನೆಲ್ಲ ಆ ವಿಷಯ ಮುಚ್ಚಿಟ್ಟು ಕಳೆದಳು.

ಇದನ್ನು ಹೇಡಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ. 'ಪಾಪ' ಎಂಬ ಕಣ್ಣುಗಳ ನಡುವೆ ಬೆಳೆದವರಿಗೆ ಮಾತ್ರ ಗೊತ್ತು ಮುಚ್ಚಿಡುವ ಸುಖ. ನಮ್ಮ ಕಡೆಯೂ ಹೆಣ್ಣುಮಗುವಿಗೆ ಇದು ಬಂದರೆ ಮನೆಯವರ ಮೊದಲ ಪಿಸುಮಾತು "ಯಾರಿಗೂ ಹೇಳ್ಬೇಡಿ" ಎಂದೇ. ಎರಡನೆಯದು ಮದುವೆಯ ಚಿಂತೆ. ಆದರೆ ಗುಟ್ಟಿಗೆ ತೆರಬೇಕಾದ ಬೆಲೆ ಬಹಳ. ಇನ್ಸುಲಿನ್ ಹಾಕಿಕೊಂಡವರ ಸಕ್ಕರೆ ಯಾವಾಗ ಬೇಕಾದರೂ 70ರ ಕೆಳಗೆ ಇಳಿಯಬಹುದು. ಕೈ ನಡುಗಿ, ಬೆವರಿ, ಮಾತು ತೊದಲುವಾಗ ಪಕ್ಕದ ಬೆಂಚಿನವಳಿಗೆ ವಿಷಯ ಗೊತ್ತಿದ್ದರೆ ಮೂರು ಚಮಚ ಗ್ಲುಕೋಸ್ ಸಾಕು. ಗೊತ್ತಿಲ್ಲದಿದ್ದರೆ, ಹುಡುಗಿಗೆ ಮೂರ್ಛೆರೋಗ ಎಂದುಕೊಂಡು ಕೈಗೆ ಕಬ್ಬಿಣ ಕೊಡುತ್ತಾರೆ. ಹಾಗಾಗಿ ನನ್ನ ಲೆಕ್ಕದಲ್ಲಿ, ಊರಿಗೆಲ್ಲ ಸಾರಬೇಕಿಲ್ಲ. ಜೊತೆಯಲ್ಲಿ ಕೂರುವವರಿಗೆ, ಪಾಠ ಹೇಳುವವರಿಗೆ, ಮುಂದೆ ಬಾಳು ಹಂಚಿಕೊಳ್ಳುವವರಿಗೆ ಗೊತ್ತಿರಲೇಬೇಕು. ಯಾರಿಗೆ, ಯಾವಾಗ ಎಂಬುದು ರೋಗವಿರುವವರ ಹಕ್ಕು. ಕಳೆದ ಕೆಲವು ವರ್ಷಗಳಲ್ಲಿ ವ್ಯವಸ್ಥೆಯೂ ಕೊಂಚ ಕಣ್ಣು ತೆರೆದಿದೆ. 2017ರಲ್ಲಿ ಸಿಬಿಎಸ್‌ಇ ಈ ಮಕ್ಕಳು ಪರೀಕ್ಷೆಯ ಕೋಣೆಗೆ ತಿನಿಸು ಒಯ್ಯಬಹುದು ಎಂದಿತು. ಆದರೆ ಹೇಳಿಕೊಂಡವರಿಗೆ ಮಾತ್ರ ಆ ಸವಲತ್ತು.

ಇನ್ನು 'ಒಪ್ಪಿಕೊಂಡುಬಿಡು' ಎಂಬ ಉಪದೇಶ. ಓದಿಕೊಂಡವರು ಇದಕ್ಕೆ ಶೋಕದ ಐದು ಮೆಟ್ಟಿಲುಗಳ ಸಾಕ್ಷಿ ಕೊಡುತ್ತಾರೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಈ ಹುಡುಗಿ ಸಾಯುತ್ತಿಲ್ಲ. ಅವಳ ಮುಂದೆ ಅರವತ್ತು ವರ್ಷದ ಊಟಗಳಿವೆ. ಒಮ್ಮೆ ಕಳೆದುಕೊಂಡು ಒಮ್ಮೆ ಅತ್ತು ಮುಗಿಸುವ ನಷ್ಟವಲ್ಲ ಇದು. ಸ್ನೇಹಿತೆಯ ಹುಟ್ಟುಹಬ್ಬದ ಕೇಕಿನ ಮುಂದೆ, ಸ್ಕೂಲ್ ಟ್ರಿಪ್ಪಿಗೆ ಬೇಡವೆಂದ ದಿನ, ಗೌರಿ ಹಬ್ಬದ ತಟ್ಟೆಯ ಎದುರು ಅದು ಹೊಸದಾಗಿ ಹುಟ್ಟುತ್ತದೆ. ಮೇಲಿನ ಮೆಟ್ಟಿಲು ತಲುಪಿದವಳು ಮರುದಿನ ಕೆಳಗಿನದರಲ್ಲಿ ಕೂತಿದ್ದರೆ ಅವಳು ಸೋತಳೆಂದಲ್ಲ.

ಅದಕ್ಕೂ ಮೇಲಾಗಿ ಈ ರೋಗ ಶುರುವಿನಲ್ಲೇ ಒಂದು ಕ್ರೂರ ಆಸೆ ತೋರಿಸುತ್ತದೆ. ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ, ಹಲವರಲ್ಲಿ, ಉಳಿದಿದ್ದ ಬೀಟಾ ಕೋಶಗಳು ಸ್ವಲ್ಪ ಸುಧಾರಿಸಿಕೊಂಡು ಕೆಲಸಕ್ಕಿಳಿಯುತ್ತವೆ. ಸ್ವಲ್ಪ ಕಾಲ ಹೊರಗಿನ ಇನ್ಸುಲಿನ್ ಬಹಳ ಕಮ್ಮಿ ಸಾಕಾಗುತ್ತದೆ. ವೈದ್ಯರು ಇದಕ್ಕೆ ಹನಿಮೂನ್ ಎನ್ನುತ್ತಾರೆ. ಹೆಸರಿಟ್ಟವರ ವಿನೋದಬುದ್ಧಿ ನನಗೆ ಹಿಡಿಸಿಲ್ಲ. ಮನೆಯವರು ಹರಕೆ ಫಲಿಸಿತು ಎಂದುಕೊಳ್ಳುತ್ತಾರೆ. ಆ ತಿಂಗಳು ಯಾರ ಬಳಿ ನಾಟಿ ಔಷಧಿ ತಂದಿರುತ್ತಾರೋ ಅವರಿಗೆ ಹೆಸರು ಬರುತ್ತದೆ. ಕೆಲವರು ಚುಚ್ಚುಮದ್ದನ್ನೇ ನಿಲ್ಲಿಸಿ ಮಗುವನ್ನು ಮತ್ತೆ ಐಸಿಯುವಿಗೆ ಒಯ್ಯುತ್ತಾರೆ. ಅವರನ್ನು ಅಜ್ಞಾನಿಗಳೆಂದು ಬೈಯುವುದು ಸುಲಭ. ನಿಜವಾಗಿ ಅದು ಅಳಲು ಬಿಡದ ದುಃಖ. 'ಏನೂ ಆಗಲ್ಲ' ಎಂದು ಎಲ್ಲರೂ ಹೇಳಿದ್ದರು. ಅವರು ನಂಬಿದರು ಅಷ್ಟೇ.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ, ಆ ದಿನಾ ಬರೆದಿಡುವ ಪುಸ್ತಕ. ಗ್ಲುಕೋಮೀಟರ್ ಕೊಡುವುದು ಅಂಕಿ. ನಾವು ಅದನ್ನು ಅಂಕವಾಗಿ ಓದುತ್ತೇವೆ. 110 ಬಂದರೆ 'ಗುಡ್ ಗರ್ಲ್'. 280 ಬಂದರೆ "ಏನ್ ತಿಂದೆ ಹೇಳು?" ಅಮ್ಮನ ಮುಖ, ಅಪ್ಪನ ನಿಟ್ಟುಸಿರು, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯ ಅಂಕಪಟ್ಟಿ. ಜ್ವರ ಬಂದರೂ, ಪರೀಕ್ಷೆಯ ಆತಂಕವಾದರೂ, ಮೈನೆರೆದರೂ, ಚುಚ್ಚಿದ ಜಾಗ ಗಂಟುಕಟ್ಟಿದ್ದರೂ ಸಕ್ಕರೆ ಏರುತ್ತದೆ. ಆದರೆ ವಿಚಾರಣೆ ಯಾವಾಗಲೂ ಬಾಯಿಯದೇ. ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಹುಡುಗಿ ಪುಸ್ತಕದಲ್ಲಿ ಸುಳ್ಳು ಬರೆಯತೊಡಗಿದ್ದಳು. 126, 131, 118. ಮೀಟರಿನ ನೆನಪಿನಲ್ಲಿದ್ದದ್ದು ಬೇರೆ. ಡಾಕ್ಟರು ತೋರಿಸಿದಾಗ ಮನೆಯಲ್ಲಿ ದೊಡ್ಡ ರಂಪವಾಯಿತು. ಹನ್ನೊಂದರ ಮಗು ಯಾಕೆ ಕಳ್ಳಲೆಕ್ಕ ಬರೆಯಿತು ಎಂದು ಕೇಳಿದವರು ಕಮ್ಮಿ. ಅಂಕ ಕೊಡುವ ಕಡೆ ಕಾಪಿ ಹೊಡೆಯುವವರು ಇದ್ದೇ ಇರುತ್ತಾರೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಅಂಕಿಯನ್ನು ಹಗುರವಾಗಿ ತೆಗೆದುಕೊಂಡರೆ ಮುಂದೆ ಕಣ್ಣು, ಮೂತ್ರಪಿಂಡ ಹೋಗುವುದಿಲ್ಲವೇ? ಹೋಗುತ್ತವೆ. ಅಮೆರಿಕ, ಕೆನಡಾಗಳಲ್ಲಿ 1983ರಿಂದ 1993ರ ತನಕ ಟೈಪ್ 1 ಇರುವ 1441 ಮಂದಿಯ ಮೇಲೆ ನಡೆದ ಡಿಸಿಸಿಟಿ ಅಧ್ಯಯನ ಅದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿತು. ಬಿಗಿಯಾಗಿ ನೋಡಿಕೊಂಡವರಲ್ಲಿ ಕಣ್ಣಿನ ತೊಂದರೆ ಶುರುವಾಗುವ ಸಂಭವ 76% ಕಮ್ಮಿಯಾಗಿತ್ತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಉಪದೇಶಕರು ಹೇಳುವುದಿಲ್ಲ: ಬಿಗಿಯಾಗಿ ನೋಡಿಕೊಂಡವರಲ್ಲಿ ಸಕ್ಕರೆ ತೀರ ಇಳಿದು ಬೇರೆಯವರ ನೆರವು ಬೇಕಾದ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಅಂದರೆ ಒಳ್ಳೆಯ ಅಂಕಿಗೂ ಒಂದು ಭಯ ಅಂಟಿಕೊಂಡೇ ಬರುತ್ತದೆ. ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಮಗಳ ಹಣೆ ಬೆವರಿದೆಯೇ ಎಂದು ಮುಟ್ಟಿ ನೋಡುವ ತಾಯಿಗೆ ಮನೋರೋಗವಿಲ್ಲ; ಅವಳ ಲೆಕ್ಕ ಸರಿಯಿದೆ. ಮೇಲೆ ಹೋದರೆ ಇಪ್ಪತ್ತು ವರ್ಷದ ಮೇಲಿನ ಭಯ, ಕೆಳಗೆ ಹೋದರೆ ಈ ರಾತ್ರಿಯ ಭಯ. ಮನೋವಿಜ್ಞಾನಿ ವಿಲಿಯಂ ಪೊಲೊನ್ಸ್ಕಿ ಮತ್ತು ಜೊತೆಗಾರರು 1995ರಲ್ಲಿ ಈ ಬವಣೆಯನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ಮಾಡಿದರು. ಇದು ಖಿನ್ನತೆಗಿಂತ ಬೇರೆ, ಹೊತ್ತು ಹೊತ್ತು ಬರುವ ದಣಿವು ಎಂದು ವೈದ್ಯಲೋಕ ಕ್ರಮೇಣ ಒಪ್ಪಿತು. ಖಿನ್ನತೆಯೂ ಬರಬಹುದು, ಬಂದರೆ ಅದಕ್ಕೆ ವೈದ್ಯರಿದ್ದಾರೆ. ಆದರೆ ದಣಿದವರಿಗೆ ಮೊದಲು ಬೇಕಾದದ್ದು ಹೊರೆಗೆ ಇನ್ನೊಂದು ಹೆಗಲು.

ಹೆಗಲು ಎಂದಾಗ ದುಡ್ಡಿನ ಮಾತನ್ನು ಬಿಟ್ಟು ಮನಸ್ಸಿನ ಮಾತಾಡುವುದು ಅಪ್ರಾಮಾಣಿಕ. ಒಂದು ಸ್ಟ್ರಿಪ್ಪಿಗೆ ಹದಿನೈದಿಪ್ಪತ್ತು ರೂಪಾಯಿ, ದಿನಕ್ಕೆ ನಾಲ್ಕಾದರೂ ಬೇಕು. ಕೂಲಿಯವರ ಮನೆಯಲ್ಲಿ ಮಗು, "ಇವತ್ತು ಚೆಕ್ ಮಾಡೋದು ಬೇಡಮ್ಮ" ಅನ್ನುವುದು ಸೂಜಿಯ ಹೆದರಿಕೆಗಲ್ಲ. ಫ್ರಿಜ್ ಇಲ್ಲದವರು ನೀರು ಚಿಮುಕಿಸಿದ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಇಟ್ಟು ಕಾಪಾಡಿಕೊಳ್ಳುತ್ತಾರೆ. ಅಂಥ ಮನೆಗೆ ಹೋಗಿ ಧನಾತ್ಮಕ ಚಿಂತನೆಯ ಪಾಠ ಹೇಳುವುದಕ್ಕಿಂತ ಒಂದು ಡಬ್ಬಿ ಸ್ಟ್ರಿಪ್ ಕೊಟ್ಟು ಬರುವುದು ದೊಡ್ಡ ಮನೋಚಿಕಿತ್ಸೆ.

ಮನಸ್ಸು ಮೊದಲು ಒಪ್ಪಬೇಕು, ಆಮೇಲೆ ಕೈ ಕೆಲಸ ಕಲಿಯಬೇಕು ಎಂದು ನಾವು ತಿಳಿದಿದ್ದೇವೆ. ನಾನು ಆ ಮನೆಯಲ್ಲಿ ಕಂಡದ್ದು ತಲೆಕೆಳಗು. ಕೈ ಮೊದಲು ಕಲಿಯಿತು. ಬಾಟಲಿಯನ್ನು ಅಂಗೈಯಲ್ಲಿ ಉರುಳಿಸುವುದು, ಸಿರಿಂಜಿನ ಗುಳ್ಳೆ ತಟ್ಟುವುದು, ಹೊಟ್ಟೆಯಲ್ಲಿ ಇವತ್ತು ಎಡಕ್ಕೆ, ನಾಳೆ ಬಲಕ್ಕೆ. ಅಳುತ್ತಲೇ ಕಲಿತಳು, ಸಿಟ್ಟಿನಲ್ಲೇ ಕಲಿತಳು. ಯಾರೂ ಅವಳಿಂದ ನಗು ಕೇಳದ ದಿನಗಳಲ್ಲಿ ಬೇಗ ಕಲಿತಳು.

ಬದಲಾದದ್ದು ಯಾವಾಗ ಎಂದು ಹೇಳಲಾರೆ. ಹೋದ ಯುಗಾದಿಗೆ ಆ ಮನೆಗೆ ಹೋಗಿದ್ದೆ. ಈಗ ಹುಡುಗಿಗೆ ಹದಿಮೂರು. ಎಲೆ ಹಾಕಿದ್ದರು. ಅವಳು ಅಡುಗೆಮನೆ ಬಾಗಿಲಿಗೆ ಒರಗಿ ಬೆರಳು ಚುಚ್ಚಿಕೊಂಡಳು. ನನ್ನ ಸೋದರತ್ತೆ, ಎಂಬತ್ತರ ಮುದುಕಿ, ಬಾಣಲೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಎಷ್ಟು ಬಂತೇ?"

"ಇನ್ನೂರ ಹತ್ತು ಅಜ್ಜಿ."

"ಹೂಂ. ಒಂದು ಹೋಳಿಗೇನೋ, ಎರಡೋ? ಅದನ್ನೂ ಸೇರಿಸಿ ಲೆಕ್ಕ ಹಾಕ್ಕೊ."

ಹುಡುಗಿ ಬಾಯಲ್ಲೇ ಲೆಕ್ಕ ಹಾಕುತ್ತ ಒಳಗೆ ಹೋದಳು. ಅಜ್ಜಿ ಎರಡು ಹೋಳಿಗೆ ಬೇಯಿಸಿ ತುಪ್ಪ ಸವರಿ ಮುಚ್ಚಿಟ್ಟರು.