ನೆರವು ಬಂತು, ಪೈಪು ಕೂಡಲಿಲ್ಲ

ಬೇಸಿಗೆಯಲ್ಲಿ ತೋಟದ ಪೈಪು ಒಡೆದರೆ ರೈತ ಏನು ಮಾಡುತ್ತಾನೆ? ಪಕ್ಕದ ತೋಟದವರಿಂದ ಎರವಲು ತರುತ್ತಾನೆ. ಎರಡೂವರೆ ಅಂಗುಲದ ಪೈಪು ಮೂರು ಅಂಗುಲದ ಬಾಯಿಗೆ ಕೂಡುವುದಿಲ್ಲ ಎಂದು ತಿಳಿಯುವುದು ತಂದ ಮೇಲೆಯೇ. ಹಳೆಯ ಟ್ಯೂಬು ಸುತ್ತಿ, ತಂತಿ ಬಿಗಿದು ಹೇಗೋ ಕೆಲಸ ಸಾಗಿಸುತ್ತಾನೆ. ಒಂದು ಗಂಟೆ ತಡವಾದರೆ ತೋಟವೇನೂ ಒಣಗಿಹೋಗುವುದಿಲ್ಲ. ಆದರೆ ಬೆಂಕಿಯ ಮುಂದೆ ನಿಂತವರಿಗೆ ಆ ಒಂದು ಗಂಟೆ ಸಿಗುವುದಿಲ್ಲ.

1991ರ ಅಕ್ಟೋಬರ್ 20, ಭಾನುವಾರ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಓಕ್‌ಲ್ಯಾಂಡ್ ನಗರದ ಗುಡ್ಡಗಳಲ್ಲಿ ಹಿಂದಿನ ದಿನ ಆರಿಸಿದ್ದ ಹುಲ್ಲಿನ ಬೆಂಕಿ ಬಿಸಿ ಒಣಗಾಳಿಗೆ ಮತ್ತೆ ಹೊತ್ತಿಕೊಂಡಿತು. ಗುಡ್ಡದ ಮರಗಿಡಗಳಿಂದ ಮನೆಗಳಿಗೆ, ಮನೆಯಿಂದ ಮನೆಗೆ ಹಾರಿತು. 25 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಅಗ್ನಿಶಾಮಕ ದಳದ ಒಬ್ಬ ಅಧಿಕಾರಿ ಮತ್ತು ಒಬ್ಬ ಪೊಲೀಸ್ ಅಧಿಕಾರಿಯೂ ಇದ್ದರು. ಸುಮಾರು 3000 ಮನೆಗಳು ಬೂದಿಯಾದವು.

ನೆರೆಹೊರೆಯ ಊರುಗಳು ಸುಮ್ಮನೆ ಕೂರಲಿಲ್ಲ. ಕರೆ ಬಂದೊಡನೆ ಅವುಗಳ ಅಗ್ನಿಶಾಮಕ ವಾಹನಗಳು ಧಾವಿಸಿದವು. ಆದರೆ ಓಕ್‌ಲ್ಯಾಂಡ್‌ನ ಬೀದಿಬದಿಯಲ್ಲಿದ್ದ ಹೈಡ್ರೆಂಟುಗಳ, ಅಂದರೆ ಬೆಂಕಿ ಆರಿಸಲೆಂದೇ ನಿಲ್ಲಿಸಿದ್ದ ನಲ್ಲಿಗಳ, ಬಾಯಿ 3 ಅಂಗುಲದ್ದು. ಬಂದವರ ಪೈಪುಗಳ ಕೊಂಡಿ 2.5 ಅಂಗುಲದ್ದು. ಎರಡನ್ನೂ ಜೋಡಿಸುವ ಅಡಾಪ್ಟರ್ ಎಲ್ಲರ ಬಳಿಯೂ ಇರಲಿಲ್ಲ. ಅಂದಿನ ಅನಾಹುತಕ್ಕೆ ಇದೊಂದೇ ಕಾರಣವಲ್ಲ. ಗಾಳಿ ಬಿರುಸಾಗಿತ್ತು, ರಸ್ತೆಗಳು ಕಿರಿದಾಗಿದ್ದವು, ವಿದ್ಯುತ್ ಹೋಗಿ ನೀರೆತ್ತುವ ಪಂಪುಗಳು ನಿಂತು ಗುಡ್ಡದ ಮೇಲಿನ ತೊಟ್ಟಿಗಳು ಬರಿದಾಗಿದ್ದವು. ಆದರೂ ನೀರಿನ ಪಕ್ಕದಲ್ಲೇ ನಿಂತು ನೀರು ಪಡೆಯಲಾಗದ ಸ್ಥಿತಿ ಎಂಥದೆಂದು ಊಹಿಸಿಕೊಳ್ಳಬಹುದು.

ಇಲ್ಲೊಂದು ಲೆಕ್ಕ ಗಮನಿಸಬೇಕು. ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. 3ರ ವರ್ಗ 9, 2.5ರ ವರ್ಗ 6.25. ಅಂದರೆ ನೀರಿನ ವೇಗ ಒಂದೇ ಆಗಿದ್ದರೆ 3 ಅಂಗುಲದ ಬಾಯಿಂದ ಶೇಕಡಾ 44ರಷ್ಟು ಹೆಚ್ಚು ನೀರು ಬರುತ್ತದೆ. ಒಂಟಿಯಾಗಿ ನೋಡಿದರೆ ದೊಡ್ಡ ಬಾಯಿಯಲ್ಲಿ ದೋಷವೇನೂ ಇಲ್ಲ. ನೆರೆಯವರು ನೆರವಿಗೆ ಬಂದಾಗ ಮಾತ್ರ ಅದು ದೋಷವಾಗುತ್ತದೆ.

ಈ ಪಾಠವನ್ನು ಅಮೆರಿಕ ಕಲಿತದ್ದು ಅದೇ ಮೊದಲ ಸಲವಲ್ಲ. 1904ರ ಫೆಬ್ರುವರಿ 7ರಂದು ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ವಾಷಿಂಗ್ಟನ್ನಿನಿಂದ ರೈಲಿನಲ್ಲಿ ಬೆಂಕಿಯಂತ್ರಗಳು ಬಂದವು. ಬೇರೆ ನಗರಗಳಿಂದಲೂ ಬಂದವು. ಅನೇಕರ ಪೈಪುಗಳು ಬಾಲ್ಟಿಮೋರಿನ ಹೈಡ್ರೆಂಟಿಗೆ ಕೂಡಲಿಲ್ಲ. 1500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಆಮೇಲೆ ಸರ್ಕಾರದ ಅಳತೆ ಮಾನಕಗಳ ಸಂಸ್ಥೆ ದೇಶದ ಕೊಂಡಿಗಳನ್ನು ಕಲೆಹಾಕಿ ನೋಡಿದರೆ 600ಕ್ಕೂ ಹೆಚ್ಚು ಬಗೆ! 2.5 ಅಂಗುಲದ ಕೊಂಡಿಗೆ ಅಂಗುಲಕ್ಕೆ ಏಳೂವರೆ ಮರೆ (ಸ್ಕ್ರೂವಿನ ಸುತ್ತು) ಎಂಬ ರಾಷ್ಟ್ರೀಯ ಮಾನಕ ಬಂತು. ಆದರೆ ನೂರು ವರ್ಷಗಳ ನಂತರ, 2004ರಲ್ಲಿ, ಅದೇ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ 48 ದೊಡ್ಡ ನಗರಗಳ ಪೈಕಿ ಮಾನಕದ ಹೈಡ್ರೆಂಟುಗಳಿದ್ದದ್ದು 18ರಲ್ಲಿ ಮಾತ್ರ. ನೆಲದಲ್ಲಿ ಹೂತ ಸಾವಿರಾರು ಹೈಡ್ರೆಂಟುಗಳನ್ನು ಬದಲಿಸುವ ಖರ್ಚು ಯಾರು ಹೊರಬೇಕು? ಬೆಂಕಿ ಇಲ್ಲದ ದಿನ ಯಾರಿಗೂ ಅದು ಅವಸರದ ಕೆಲಸವೆನಿಸುವುದಿಲ್ಲ.

ಪೈಪುಗಳು ಕೂಡಿದರೂ ಸಾಲದು, ಮಾತುಗಳೂ ಕೂಡಬೇಕು. 1970ರ ಸೆಪ್ಟೆಂಬರ್ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಕಾಡು, ಕುರುಚಲು ಬೆಟ್ಟಗಳಲ್ಲಿ ಎದ್ದ ಕಾಳ್ಗಿಚ್ಚುಗಳು 13 ದಿನಗಳಲ್ಲಿ 16 ಜನರನ್ನು ಬಲಿ ತೆಗೆದುಕೊಂಡವು. 700ಕ್ಕೂ ಹೆಚ್ಚು ಕಟ್ಟಡಗಳು, 5 ಲಕ್ಷ ಎಕರೆಗೂ ಮಿಕ್ಕಿದ ನೆಲ ಸುಟ್ಟುಹೋಯಿತು. ಕಾಡ್ಗಿಚ್ಚು ಗಡಿಕಲ್ಲನ್ನು ನೋಡಿ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರದ ಕಾಡಿನಲ್ಲಿ ಹುಟ್ಟಿ, ರಾಜ್ಯದ ನೆಲ ದಾಟಿ, ನಗರದ ಬೀದಿಗೆ ಇಳಿಯುತ್ತದೆ. ಮೂರು ಕಡೆಯ ಸಿಬ್ಬಂದಿಯೂ ಸೇರಿದರು. ಆದರೆ ಒಬ್ಬರ ರೇಡಿಯೊ ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ ಸಂಕೇತಗಳು ಬೇರೆ. ಯಾರ ಅಪ್ಪಣೆ ಯಾರು ಪಾಲಿಸಬೇಕೆಂಬುದೂ ಸ್ಪಷ್ಟವಿರಲಿಲ್ಲ.

ಒಂದು ಪದದ ಗೊಂದಲ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 'ಟ್ಯಾಂಕರ್' ಎಂಬ ಮಾತನ್ನೇ ನೋಡಿ. ಕೆಲವು ಕಡೆ ಟ್ಯಾಂಕರ್ ಎಂದರೆ ನೀರು ಹೊತ್ತ ಲಾರಿ. ಇನ್ನು ಕೆಲವು ಕಡೆ ಆಕಾಶದಿಂದ ನೀರು ಅಥವಾ ರಾಸಾಯನಿಕ ಸುರಿಯುವ ವಿಮಾನ. 'ಎರಡು ಟ್ಯಾಂಕರ್ ಕಳಿಸಿ' ಎಂದು ಕೇಳಿದವನಿಗೆ ಯಾವುದು ಬರಬೇಕು?

1970ರ ದುರಂತದ ನಂತರ ಅಮೆರಿಕದ ಸಂಸತ್ತು ಅರಣ್ಯ ಸೇವೆಗೆ ಹಣ ಕೊಟ್ಟು ಪರಿಹಾರ ಹುಡುಕಲು ಹೇಳಿತು. ಕೇಂದ್ರದ ಅರಣ್ಯ ಸೇವೆ, ಕ್ಯಾಲಿಫೋರ್ನಿಯದ ಎರಡು ಇಲಾಖೆಗಳು, ಲಾಸ್ ಏಂಜಲಿಸ್ ನಗರ ಮತ್ತು ಮೂರು ಕೌಂಟಿಗಳ ಅಗ್ನಿಶಾಮಕ ದಳಗಳು, ಹೀಗೆ ಏಳು ಸಂಸ್ಥೆಗಳು 'ಫೈರ್‌ಸ್ಕೋಪ್' ಎಂಬ ಹೆಸರಿನಲ್ಲಿ ಸೇರಿದವು. ಅಲ್ಲಿ ಹುಟ್ಟಿದ್ದೇ 'ಇನ್ಸಿಡೆಂಟ್ ಕಮಾಂಡ್ ಸಿಸ್ಟಂ'. ಹೆಸರು ಭಾರಿಯಾದರೂ ತತ್ತ್ವ ಸರಳ. ಬಂದವರು ಯಾವ ಇಲಾಖೆಯವರೇ ಆಗಲಿ, ಕೆಲಸದ ಹೆಸರುಗಳು ಒಂದೇ. ಆಜ್ಞೆ, ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು ಎಂದು ಐದು ವಿಭಾಗ. ಒಬ್ಬ ಮುಖ್ಯಸ್ಥನ ಕೆಳಗೆ ಮೂರರಿಂದ ಏಳು ಜನ, ಐದಾದರೆ ಉತ್ತಮ. ಅದಕ್ಕಿಂತ ಹೆಚ್ಚಾದರೆ ಹೊಗೆಯ ನಡುವೆ ಯಾರು ಎಲ್ಲಿದ್ದಾರೆಂದು ಒಬ್ಬನಿಗೆ ನೆನಪಿಡಲಾಗದು. ರೇಡಿಯೊದಲ್ಲಿ ಗುಪ್ತ ಸಂಕೇತವಿಲ್ಲ, ಸಾದಾ ಮಾತು. ಟ್ಯಾಂಕರ್ ಎಂದರೆ ವಿಮಾನ ಮಾತ್ರ. ನೀರಿನ ಲಾರಿಗೆ 'ಟೆಂಡರ್'.

ಸರಕು ಹಂಚಿಕೊಳ್ಳುವ ಏರ್ಪಾಡಿಗೆ ಇನ್ನೂ ಹಳೆಯ ಉದಾಹರಣೆಯಿದೆ. 1965ರಲ್ಲಿ ಐಡಾಹೊ ರಾಜ್ಯದ ಬಾಯ್ಸಿ ಪಟ್ಟಣದಲ್ಲಿ ಅರಣ್ಯ ಸೇವೆ, ಸರ್ಕಾರಿ ಭೂಮಿಯ ಇಲಾಖೆ ಮತ್ತು ಹವಾಮಾನ ಇಲಾಖೆ ಸೇರಿ ಒಂದು ಕೇಂದ್ರ ತೆರೆದವು. ಪ್ರತಿ ಇಲಾಖೆಯೂ ಬೇರೆ ಬೇರೆ ಪಂಪು, ರೇಡಿಯೊ, ವಿಮಾನ ಇಟ್ಟುಕೊಳ್ಳುವುದಕ್ಕಿಂತ ಒಂದೇ ಉಗ್ರಾಣದಿಂದ ಬೇಕಾದಲ್ಲಿಗೆ ಕಳಿಸುವುದು ಲೇಸೆಂಬ ಯೋಚನೆ. ಇತರ ಇಲಾಖೆಗಳೂ ಬಂದು ಸೇರಿದವು. ಕೋರಿಕೆ ಮೊದಲು ಹತ್ತಿರದ ಕಚೇರಿಗೆ ಹೋಗುತ್ತದೆ. ಅಲ್ಲಿ ಸಾಲದಿದ್ದರೆ ಪ್ರಾಂತ್ಯಕ್ಕೆ, ಅಲ್ಲಿಯೂ ಸಾಲದಿದ್ದರೆ ಬಾಯ್ಸಿಗೆ. ದೇಶದ ಸ್ಥಿತಿಯನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಅಳೆಯಲಾಗುತ್ತದೆ. 5 ಎಂದರೆ ಕೊಡಬಹುದಾದ ತಂಡಗಳೆಲ್ಲ ಹೆಚ್ಚುಕಡಿಮೆ ಆಗಲೇ ಹೊರಟುಹೋಗಿವೆ ಎಂದರ್ಥ.

ಇನ್ನು ಹಣದ ಮಾತು. ಬೆಂಕಿ ಆರಿದ ಮೇಲೆ ಬಿಲ್ಲು ಬರುತ್ತದೆ. ಡೀಸೆಲ್, ಊಟ, ಅಧಿಕ ವೇಳೆಯ ಸಂಬಳ, ಮುರಿದ ಯಂತ್ರ ಇವೆಲ್ಲ ಯಾರ ಲೆಕ್ಕಕ್ಕೆ? ಇದನ್ನು ಮೊದಲೇ ಬರೆದಿಡದಿದ್ದರೆ ಮುಂದಿನ ಸಲ ನೆರೆಯವರು ಹಿಂದೆ ಮುಂದೆ ನೋಡುತ್ತಾರೆ. ಓಕ್‌ಲ್ಯಾಂಡ್ ದುರಂತದ ನಂತರ ಕ್ಯಾಲಿಫೋರ್ನಿಯ ಜಾಣತನದ ಕಾನೂನೊಂದನ್ನು ಮಾಡಿತು. ರಾಜ್ಯದ ಏಕರೂಪ ವ್ಯವಸ್ಥೆಯನ್ನು ಬಳಸಿದ ಸ್ಥಳೀಯ ಸಂಸ್ಥೆಗೆ ಮಾತ್ರ ಸಿಬ್ಬಂದಿಯ ಖರ್ಚನ್ನು ರಾಜ್ಯ ತುಂಬಿಕೊಡುತ್ತದೆ. ಉಪದೇಶ ಮಾಡದ ಕೆಲಸವನ್ನು ಬಿಲ್ಲು ಮಾಡಿತು!

ಹಣದ ಏರ್ಪಾಡು ಕೆಟ್ಟರೆ ಏನಾಗುತ್ತದೆಂಬುದಕ್ಕೂ ಅದೇ ದೇಶ ಸಾಕ್ಷಿ. 1995ರಲ್ಲಿ ಅರಣ್ಯ ಸೇವೆಯ ಬಜೆಟ್ಟಿನಲ್ಲಿ ಬೆಂಕಿಯ ಪಾಲು ಶೇಕಡಾ 16. 2015ರಲ್ಲಿ ಅದು ಅರ್ಧವನ್ನು ದಾಟಿತು. ಬೆಂಕಿಗೆಂದು ಇಟ್ಟ ಹಣ ಮುಗಿದಾಗ ಬೇರೆ ಕೆಲಸಗಳ ಹಣವನ್ನು ಸೆಳೆದುಕೊಳ್ಳುತ್ತಿದ್ದರು. ಒಣ ಕಸ ತೆಗೆದು ಕಾಡನ್ನು ಬೆಂಕಿಯಿಂದ ಕಾಯುವ ಕೆಲಸವೂ ಆ 'ಬೇರೆ ಕೆಲಸ'ಗಳಲ್ಲಿ ಒಂದು. ಈ ವರ್ಷದ ಬೆಂಕಿ ಆರಿಸಲು ಮುಂದಿನ ವರ್ಷದ ಬೆಂಕಿಗೆ ಸೌದೆ ಒಟ್ಟಿದಂತೆ. 2018ರ ಕಾನೂನಿನಿಂದ ಇದಕ್ಕೆ ಪ್ರತ್ಯೇಕ ನಿಧಿಯ ವ್ಯವಸ್ಥೆ ಆಗಿ 2020ರಿಂದ ಜಾರಿಗೆ ಬಂತು.

ಹಂಚಿಕೆ ದೇಶಗಳ ಗಡಿಯನ್ನೂ ದಾಟಿದೆ. ಭೂಮಿಯ ಅಕ್ಷದ ಓರೆಯಿಂದಾಗಿ ಉತ್ತರದಲ್ಲಿ ಬೇಸಿಗೆಯಾದಾಗ ದಕ್ಷಿಣದಲ್ಲಿ ಚಳಿಗಾಲ. ಆದ್ದರಿಂದ ಅಮೆರಿಕ ಉರಿಯುವಾಗ ಆಸ್ಟ್ರೇಲಿಯದವರು ಬಿಡುವಾಗಿರುತ್ತಾರೆ. 2000ದಲ್ಲಿ ಅವರು ಅಮೆರಿಕಕ್ಕೆ ನೆರವಾದರು. 2019-20ರಲ್ಲಿ ಆಸ್ಟ್ರೇಲಿಯ ಹೊತ್ತಿ ಉರಿದಾಗ ಅಮೆರಿಕ, ಕೆನಡಾಗಳವರು ಹೋದರು. 2020ರ ಜನವರಿ 23ರಂದು ನ್ಯೂ ಸೌತ್ ವೇಲ್ಸ್‌ನಲ್ಲಿ ಬೆಂಕಿ ಆರಿಸುತ್ತಿದ್ದ ವಿಮಾನ ಬಿದ್ದು ಮೂವರು ಅಮೆರಿಕನ್ನರು ಸತ್ತರು. ಇನ್ನೊಬ್ಬರ ಊರಿನ ಬೆಂಕಿಗೆ ತೆತ್ತ ಬೆಲೆ ಅದು.

ಈಗ ಈ ಲೆಕ್ಕವೂ ತಪ್ಪತೊಡಗಿದೆ. ಭೂಮಿ ಬಿಸಿಯಾದಂತೆ ಬೆಂಕಿಯ ಕಾಲ ಎರಡೂ ಕಡೆ ಉದ್ದವಾಗುತ್ತಿದೆ. 2025ರ ಜನವರಿಯಲ್ಲಿ, ಉತ್ತರದ ನಡುಚಳಿಗಾಲದಲ್ಲಿ, ಲಾಸ್ ಏಂಜಲಿಸ್ ಉರಿಯಿತು. ಅದೇ ಹೊತ್ತಿಗೆ ಆಸ್ಟ್ರೇಲಿಯದ ವಿಕ್ಟೋರಿಯದಲ್ಲೂ ಕಾಡ್ಗಿಚ್ಚು ಇತ್ತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ ಬಾಡಿಗೆಗೆ ಬಂದಿದ್ದ, ಸಮುದ್ರದಿಂದಲೇ ನೀರು ಮೊಗೆಯುವ ವಿಮಾನಗಳು ಲಾಸ್ ಏಂಜಲಿಸ್‌ನಲ್ಲಿ ದುಡಿದವು. ಅವುಗಳಲ್ಲಿ ಒಂದರ ರೆಕ್ಕೆಗೆ ಯಾರೋ ಹಾರಿಬಿಟ್ಟ ಡ್ರೋನ್ ಬಡಿದು ತೂತಾಯಿತು. ಎರವಲು ತಂದ ಅಮೂಲ್ಯ ವಿಮಾನ ಒಂದು ಆಟಿಕೆಯಿಂದಾಗಿ ಕೆಲಸ ನಿಲ್ಲಿಸಬೇಕಾಯಿತು.

ಭಾರತಕ್ಕೂ ಈ ಕಥೆಗೂ ನೇರ ಸಂಬಂಧವಿದೆ. ಕ್ಯಾಲಿಫೋರ್ನಿಯದ ಆ ಪದ್ಧತಿಯನ್ನು ದೇಶದ ಆಡಳಿತಕ್ಕೆ ಹೊಂದಿಸಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಂತೆ ಜಿಲ್ಲೆಯಲ್ಲಿ ಹೊಣೆ ಜಿಲ್ಲಾಧಿಕಾರಿಯದು. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ, ಸ್ವಯಂಸೇವಕರು ಹಸಿ ಸೊಪ್ಪು ಹಿಡಿದು ಬಡಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಹೆಲಿಕಾಪ್ಟರು ಒಂದು ಇಲಾಖೆಯದು, ಕಾಡು ಇನ್ನೊಂದರದು. ಆ ಕಾಡಿನ ಒಂದು ಮಗ್ಗುಲಿಗೆ ತಮಿಳುನಾಡಿನ ಮುದುಮಲೆ, ಇನ್ನೊಂದು ಮಗ್ಗುಲಿಗೆ ಕೇರಳದ ವಯನಾಡು. ಮೂರು ರಾಜ್ಯ, ಮೂರು ಭಾಷೆ, ಒಂದೇ ಕಾಡು. ಅಲ್ಲಿ ಯಾರು ಯಾರನ್ನು ಕರೆಯಬೇಕು, ಯಾವ ಭಾಷೆಯಲ್ಲಿ, ಯಾವ ರೇಡಿಯೊದಲ್ಲಿ ಎಂಬುದು ಜನವರಿಯಲ್ಲೇ ತೀರ್ಮಾನವಾಗಬೇಕಾದ ವಿಷಯ. ಫೆಬ್ರುವರಿಯ ಹೊಗೆಯಲ್ಲಿ ಅಲ್ಲ.

ವಿದ್ಯಾರ್ಥಿಗಳು ಇದನ್ನು ತಮ್ಮ ಊರಿನಲ್ಲೇ ಪರೀಕ್ಷಿಸಬಹುದು. ಹತ್ತಿರದ ಅಗ್ನಿಶಾಮಕ ಠಾಣೆ ಎಷ್ಟು ದೂರ? ವಾಹನ ಬಂದರೆ ನೀರು ತುಂಬಿಸಿಕೊಳ್ಳುವುದು ಎಲ್ಲಿಂದ? ಶಾಲೆಯ ತೊಟ್ಟಿಯ ನಲ್ಲಿಗೆ ಅದರ ಪೈಪು ಕೂಡುತ್ತದೆಯೆ? ಗೇಟಿನ ಬೀಗದ ಕೈ ಯಾರ ಬಳಿ? ಹೆತ್ತವರ ಜೊತೆ ಒಂದು ಭಾನುವಾರ ಹೋಗಿ ವಿಚಾರಿಸಿದರೆ ಉತ್ತರ ಸಿಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದರು. ಬಾವಿ ಇದ್ದರೂ ಸಾಲದು. ಪಕ್ಕದ ಮನೆಯ ಹಗ್ಗ ಅದರ ನೀರಿಗೆ ಮುಟ್ಟುತ್ತದೆಯೆ ಎಂದು ಮೊದಲೇ ಒಮ್ಮೆ ಇಳಿಬಿಟ್ಟು ನೋಡಿರಬೇಕು.